ಮೀಟರ್ ಬೋರ್ಡಿನ ಹಳದಿ ದೀಪ

ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ಸರಿಸಲು ಶಿವರಾಮ್ ಎರಡೂ ಕೈಯಲ್ಲಿ ಜಗ್ಗುತ್ತಿದ್ದ. ಅಕ್ಕನ ಬಲಗಾಲು ಮಂಡಿಯಲ್ಲಿ ಮಡಚುತ್ತಿರಲಿಲ್ಲ. ಕಾಲು ಚಾಚಿ ಕೂರುವಷ್ಟು ಜಾಗ ಬೇಕಿತ್ತು.

"ಕೆಳಗಡೆ ಒಂದು ಕಂಬಿ ಐತೆ, ಅದನ್ನೆತ್ತಿ ತಳ್ಳು," ಎಂದರು ಹನುಮಯ್ಯ. ಸಾವಿನ ಸುದ್ದಿ ತಿಳಿದು ಬೆಳಿಗ್ಗೆಯೇ ಚಿಕ್ಕಜಾಲದಿಂದ ಹಾರ ಹಿಡಿದು ಬಂದಿದ್ದರು. ಆ ಹಳೆಯ ಡೀಸೆಲ್ ಕಾರು ಅವರದೇ. "ಬ್ಯಾಟರಾಯಪ್ಪ ಕೈಯಾರೆ ರಿಪೇರಿ ಮಾಡಿದ್ ಗಾಡಿ ಇದು. ಅವನ ಮಣ್ಣಿಗೆ ಎಂಡ್ತಿ ಇದ್ರಲ್ಲೇ ಬರ್ಬೇಕು ಕಣಪ್ಪ."

ಬಾಗಲೂರಿನ ಆ ಪುಟ್ಟ ಅಂಗಳದಲ್ಲಿ ಬ್ಯಾಟರಾಯಪ್ಪನವರನ್ನು ಬೆಂಚಿನ ಮೇಲೆ ಮಲಗಿಸಿದ್ದರು. ಹಣೆಗೆ ನಾಮ, ಎದೆಯ ಮೇಲೆ ಚೆಂಡುಹೂವು. ಬಲಗಿವಿಯ ಮುಂದೆ ಚರ್ಮ ದಪ್ಪಗಟ್ಟಿ ಒಂದು ಗುರುತು ಉಳಿದಿತ್ತು. ಮಗಳು ರಾಧಾಮಣಿ ತಲೆಯ ಬಳಿ ಊದುಬತ್ತಿ ಹಿಡಿದು ನಿಂತು ಅದನ್ನೇ ನೋಡುತ್ತಿದ್ದಳು.

"ಅದೇನ್ ರಿಪೇರಿ ಅಣ್ಣಾ?" ಎಂದು ಕೇಳಿದ ಶಿವರಾಮ್.

"ಮೀಟರ್ ಬೋರ್ಡಲ್ಲಿ ಇಂಜಿನ್ ಗುರ್ತಿನ ಹಳದಿ ಲೈಟು. ಎಲ್ಲೆಲ್ಲಿ ತೋರ್ಸಿದ್ರೂ ಆರ್ಲಿಲ್ಲ. ದೊಡ್ಡ ದೊಡ್ಡ ಗ್ಯಾರೇಜ್‌ನೋರೆಲ್ಲ ಕೈ ಎತ್ತಿದ್ರು. ಇವ್ನು ಒಂದೇ ಸಂಜೇಲಿ ಆರಿಸ್ಬಿಟ್ಟ."

"ಅಂಗಾರೆ ಗಾಡಿ ಈಗ ಕುದುರೆ ಅನ್ನಿ," ಎಂದರು ಪಕ್ಕದ ಮನೆಯವರೊಬ್ಬರು.

"ಕುದುರೆ ಎಲ್ಲಿ ಬಂತು. ಈ ವಾರ ಎರಡ್ ಸಲ ಫ್ಲೈಓವರ್ ಹತ್ತೋವಾಗ ಉಸಿರು ಕಟ್ಟಿ ನಿಂತೋಯ್ತು. ಕರ್ರಗೆ ಒಗೆ. ಆದ್ರೆ ಲೈಟ್ ಬರ್ಲಿಲ್ಲ ನೋಡು. ಲೈಟ್ ಇಲ್ಲ ಅಂದ್ಮೇಲೆ ಇಂಜಿನ್‌ಗೇನೂ ಆಗಿಲ್ಲ, ಡೀಸೆಲ್ಲೇ ಕಲಬೆರಕೆ. ನಾಳೆ ಮೊಮ್ಮಕ್ಳನ್ನ ತುಂಬ್ಕೊಂಡು ನಂದಿಬೆಟ್ಟ ಹತ್ತಿಸ್ತೀನಿ. ರಜ ಅಲ್ವಾ, ಒಂದೇ ಹಟ."

ಊದುಬತ್ತಿಯ ಬೂದಿ ರಾಧಾಮಣಿಯ ಕೈಮೇಲೆ ಬಿತ್ತು. ಅವಳು ಕೊಡವಲಿಲ್ಲ.

*

ದೀಪ ಆರಿದ ಆ ಸಂಜೆ ಅಪ್ಪನ ಶೆಡ್ಡಿನಲ್ಲಿ ಟಾರ್ಚ್ ಹಿಡಿದು ನಿಂತವಳು ಅವಳೇ.

ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಸಾಕು, ತೊಂದರೆ ಎಲ್ಲಿದೆ ಎಂದು ಅಪ್ಪನಿಗೆ ತಿಳಿಯುತ್ತಿತ್ತು. ಟ್ರ್ಯಾಕ್ಟರು, ಲಾರಿಗಳ ಮೇಲೆ ಕಲಿತ ವಿದ್ಯೆ. ಈ ದೀಪಕ್ಕೆ ಸದ್ದಿರಲಿಲ್ಲ. ಫಿಲ್ಟರ್ ಬದಲಾಯಿಸಿದರು, ವಾಲ್ವ್ ಬಿಚ್ಚಿ ಮಸಿ ಕೆರೆದರು, ವೈರುಗಳನ್ನು ಕಿತ್ತು ಒರೆಸಿ ಮತ್ತೆ ಸಿಗಿಸಿದರು. ಬ್ಯಾಟರಿಯ ವೈರು ತೆಗೆದು ಹಾಕಿದರೆ ದೀಪ ಆರುತ್ತಿತ್ತು. ಕ್ರಾಸ್‌ವರೆಗೆ ಓಡಿಸಿಕೊಂಡು ಬರುವಷ್ಟರಲ್ಲಿ ಮತ್ತೆ ಹೊತ್ತಿಕೊಳ್ಳುತ್ತಿತ್ತು.

"ಯಲಹಂಕದ ವಹಾಬಣ್ಣನ ಹತ್ರ ಸ್ಕ್ಯಾನರ್ ಇದೆಯಲ್ಲಪ್ಪ. ಸಿಗಿಸಿದ್ರೆ ಏನ್ ತೊಂದ್ರೆ ಅಂತ ತೋರ್ಸುತ್ತಂತೆ."

"ನನ್ನತ್ರ ಸ್ಪ್ಯಾನರ್ ಹಿಡಿಯೋದು ಕಲ್ತೋನು ಅವನು. ಅವನ ಬಾಗಿಲಿಗೆ ಹೋಗಿ ನಿಂತ್ಕೊಳ್ಳಾ?"

ಹನುಮಯ್ಯ ಬರುವ ಹೊತ್ತಾಗಿತ್ತು. ಅಪ್ಪ ಮೀಟರ್ ಬೋರ್ಡಿನ ಸ್ಕ್ರೂಗಳನ್ನು ಬಿಚ್ಚಿದರು. ಹಿಂದಕ್ಕೆ ಕೈ ತೂರಿಸಿ, ಕಡಲೆಕಾಳಿನಷ್ಟು ಸಣ್ಣ ಬಲ್ಬನ್ನು ತಿರುಗಿಸಿ ಕಿತ್ತರು. ಅವಳ ಮುಖ ನೋಡದೆ, "ಟಾರ್ಚ್ ಸರಿಯಾಗ್ ಹಿಡಿ" ಎಂದರು. ಬೋರ್ಡ್ ಮುಚ್ಚಿದ ಮೇಲೆ ತಮಗೇ ಎಂಬಂತೆ, "ಒಂದ್ ವಾರ ಬಿಟ್ಟು ಕರೆಸ್ಕೊಂಡು ಸರಿ ಮಾಡ್ತೀನಿ."

ಆ ವಾರ ಬರಲಿಲ್ಲ. ಹನುಮಯ್ಯ ಕಂಡಕಂಡವರಿಗೆ ಹೇಳಿ ಗಿರಾಕಿಗಳನ್ನು ಕಳಿಸಿದರು. ಹಲಸಿನ ಹಣ್ಣು ತಂದುಕೊಟ್ಟರು. ಅವರ ಕಾರಿನ ಹಾರನ್ ಕೇಳಿದರೆ ಅಪ್ಪ ಶೆಡ್ಡಿನ ಹಿಂದಿನ ಟೈರುಗಳ ಮರೆಯಲ್ಲಿ ಹೋಗಿ ಕೂರುತ್ತಿದ್ದರು. "ಅಪ್ಪ ಇಲ್ಲ ಅಂಕಲ್" ಎನ್ನುವ ಕೆಲಸ ರಾಧಾಮಣಿಯದು. ಒಮ್ಮೆ ಟೈರುಗಳ ಹಿಂದಿನಿಂದ ಬೀಡಿ ಹೊಗೆ ಏಳುವುದನ್ನು ಕಂಡು ಹನುಮಯ್ಯ, "ಟೈರ್ ಹತ್ಕೊಂಡಂಗೈತೆ, ನೋಡವ್ವ" ಎಂದು ನಕ್ಕು ಹೋಗಿದ್ದರು. ಮನೆಯಲ್ಲಿ ಎಲ್ಲರೂ ಹಲಸಿನ ತೊಳೆ ತಿನ್ನುವಾಗ ಅಪ್ಪ ಎದ್ದು ಹಿತ್ತಲಿಗೆ ನಡೆದಿದ್ದರು.

*

ತಮಟೆ ಶುರುವಾಯಿತು. ಮಣ್ಣು ಮಾಡುವ ಜಾಗ ಊರಾಚೆ, ಹೆಚ್ಚು ದೂರವಿಲ್ಲ. ಶಿವರಾಮ್ ಅಕ್ಕ ಮುನಿಕೆಂಪಮ್ಮನನ್ನು ಹಿಡಿದು ತಂದು ಮುಂದಿನ ಸೀಟಿನಲ್ಲಿ ಕೂರಿಸಿದ. ಮುಡಿ ತುಂಬ ಕನಕಾಂಬರ, ಕೈ ತುಂಬ ಹಸಿರು ಬಳೆ. ಹನುಮಯ್ಯ ಸ್ಟೇರಿಂಗ್ ಮುಂದೆ ಕೂತು ಕೀಗೆ ಕೈ ಹಾಕಿದರು. ಮಣ್ಣು ಮುಗಿದರೆ ಅವರು ಹಾಗೆಯೇ ಚಿಕ್ಕಜಾಲಕ್ಕೆ ಹೊರಟುಬಿಡುತ್ತಾರೆ. ಸಂಜೆ ಫೋನ್ ಮಾಡಿ ಹೇಳಬಹುದು ಎಂದುಕೊಂಡಳು ರಾಧಾಮಣಿ. ತಾನು ಮಾಡುವುದಿಲ್ಲವೆಂದೂ ಅವಳಿಗೆ ಗೊತ್ತಿತ್ತು. ಅವಳು ಅಪ್ಪನ ಮಗಳು.

ಅವಳು ಕಿಟಕಿಯ ಬಳಿ ಬಗ್ಗಿದಳು. "ಅಂಕಲ್, ಈ ಗಾಡೀಲಿ ಬೆಟ್ಟಕ್ಕೆ ಹೋಗ್ಬೇಡಿ."

"ಏನವ್ವಾ?"

"ಗಾಡಿ ಸರಿ ಹೋಗಿಲ್ಲ."

"ಜೋರಾಗ್ ಏಳು ಮಗಾ, ತಮಟೆ ಸದ್ದಲ್ಲಿ ಕೇಳಿಸ್ತಿಲ್ಲ."

ಕಾಲೇಜಿನಲ್ಲಿ ಹಾಜರಿ ಕೂಗಿದಾಗಲೂ ಎರಡು ಸಲ ಕರೆಸಿಕೊಳ್ಳುತ್ತಿದ್ದ ಹುಡುಗಿ. ಉಸಿರು ಎಳೆದುಕೊಂಡು ಕೂಗಿದಳು: "ಲೈಟ್ ರಿಪೇರಿ ಆಗ್ಲೇ ಇಲ್ಲ. ಅಪ್ಪ ಬಲ್ಬ್ ಕಿತ್ತಾಕಿದ್ರು."

ಚಟ್ಟಕ್ಕೆ ಹೆಗಲು ಕೊಡುವವರು ಬರಲೆಂದು ತಮಟೆಯವರು ಆಗಷ್ಟೇ ಕೈ ನಿಲ್ಲಿಸಿದ್ದರು. ಅಂಗಳಕ್ಕೆಲ್ಲ ಕೇಳಿಸಿತು. ಹಿಂದೆ ಯಾರೋ ನಗು ತಡೆಯಲಾರದೆ ಕೆಮ್ಮಿದರು.

ಶಿವರಾಮ್ ಅವಳ ರಟ್ಟೆ ಹಿಡಿದ. "ನಿಮ್ಮಪ್ಪನ್ನ ಮಣ್ಣು ಮಾಡೋವರ್ಗೂ ಬಾಯಿ ತಡೀಲಿಲ್ವಾ ನಿನ್ಗೆ?"

ಹನುಮಯ್ಯ ಕೀಯಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಊರೆಲ್ಲ ಏಳ್ಕೊಂಡ್ ಬಂದ್ನಲ್ಲ ನಾನು," ಎಂದರು ಮೆಲ್ಲಗೆ. ಆಮೇಲೆ ಶಿವರಾಮ್‌ನ ಕಡೆ ತಿರುಗಿದರು. "ಇದನ್ನ ಸ್ಟಾರ್ಟ್ ಮಾಡಾಕಿಲ್ಲ ಕಣಪ್ಪ. ಎಣ ಎತ್ತಿದ್ಮೇಲೆ ನಡುದಾರೀಲಿ ನಿಲ್ಬಾರ್ದು. ಇದು ನಿಂತೋದ್ರೆ ಏನ್ ಮಾಡ್ತೀಯಾ? ಕೆಂಪಮ್ಮನ್ನ ಇಳಿಸು. ಆಟೋ ಕರ್ಸು."

"ನಾನು ಇಳಿಯಾಕಿಲ್ಲ," ಎಂದರು ಮುನಿಕೆಂಪಮ್ಮ.

"ಅಕ್ಕಾ, ಹೊತ್ತಾಯ್ತದೆ."

"ಅವರು ರಿಪೇರಿ ಮಾಡಿದ್ ಗಾಡಿ ಅಂತ ಕೂರ್ಸಿದ್ರಿ, ಕೂತೀನಿ. ಇಷ್ಟ್ ಜನದ ಮುಂದೆ ಇಳಿದ್ರೆ, ಅವರು ಮೋಸಗಾರ್ರು ಅಂತ ನಾನೇ ಏಳ್ದಂಗೆ."

ಮಗಳ ಕಡೆ ನೋಡಲಿಲ್ಲ. ಮಡಚದ ಕಾಲನ್ನು ಕೈಯಿಂದಲೇ ಎತ್ತಿ ಒಳಕ್ಕಿಟ್ಟು, ಬಾಗಿಲು ಎಳೆದುಕೊಂಡರು.

ಕೊನೆಗೆ ಹನುಮಯ್ಯನೇ ಗೇರು ಬಿಡಿಸಿದರು. "ತಳ್ರಪ್ಪ," ಎಂದರು.

ಚಟ್ಟ ಮುಂದೆ ಸಾಗಿತು. ತಮಟೆಯ ಹಿಂದೆ, ಚೆಲ್ಲಿದ ಪುರಿಯ ಮೇಲೆ ಕಾರು ಉಸಿರಿಲ್ಲದೆ ಉರುಳುತ್ತಿತ್ತು. ಹನುಮಯ್ಯ ಸ್ಟೇರಿಂಗ್ ಹಿಡಿದು ನೇರ ಮುಂದಕ್ಕೆ ನೋಡುತ್ತಿದ್ದರು. ಟೀ ಅಂಗಡಿಯವರು ಲೋಟ ಹಿಡಿದೇ ಎದ್ದು ನಿಂತರು. ಹಿಂದಿನಿಂದ ತಳ್ಳುತ್ತಿದ್ದ ಗಂಡಸರ ಬಳಿಗೆ ರಾಧಾಮಣಿ ಹೋದಳು. ಅವರು ಅವಳಿಗೆ ಮೈ ತಾಗದಷ್ಟು ಸರಿದು ಜಾಗ ಬಿಟ್ಟರು. ಬಿಸಿಲಿಗೆ ಕಾದ ಡಿಕ್ಕಿಗೆ ಎರಡೂ ಅಂಗೈ ಒತ್ತಿ ಬಗ್ಗಿದಳು. ಹಿಂದಿನ ಗಾಜಿನಲ್ಲಿ ಅಮ್ಮನ ಮುಡಿ ಕಾಣುತ್ತಿತ್ತು. ತಳ್ಳಿದಾಗಲೆಲ್ಲ ಕನಕಾಂಬರ ಅಲುಗುತ್ತಿತ್ತು, ಮುಖ ಮಾತ್ರ ಈ ಕಡೆ ತಿರುಗಲಿಲ್ಲ.