ಪರೀಕ್ಷೆಗೆ ಹೋದ ಮಣ್ಣು

ನಿಂಗವ್ವ ಅಂಗಳದಲ್ಲಿ ಕೂತು ಮಣ್ಣು ಜರಡಿ ಹಿಡಿಯುತ್ತಿದ್ದಳು. ಒಂದು ಬೊಗಸೆ ಹಾಕುವುದು, ಆಡಿಸುವುದು, ಉಳಿದ ಹರಳನ್ನು ಬಾಜುವಿಗೆ ಚೆಲ್ಲುವುದು. ಅಪ್ಪ ಹಣಮಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ.

ಖಾನಾಪುರದ ಈ ಕುಂಬಾರರ ಮನೆಯಲ್ಲಿ ಮಣ್ಣು ಜರಡಿ ಹಿಡಿಯುವುದು ಹೊಸದಲ್ಲ. ಆದರೆ ಈ ಮಣ್ಣು ಕೊಡಕ್ಕಲ್ಲ, ಅಕ್ಕ ಸಮೃದ್ಧಿಯ ಪರೀಕ್ಷೆಗೆ. ಸಮೃದ್ಧಿ ಬೆಳಗಾವಿಯಲ್ಲಿ ಪ್ರಕೃತಿ ಚಿಕಿತ್ಸೆ ಓದುತ್ತಿದ್ದಳು. ನೀರು, ಮಣ್ಣು, ಊಟ, ಉಪವಾಸಗಳಿಂದಲೇ ರೋಗ ವಾಸಿ ಮಾಡುವ ವಿದ್ಯೆ. ನಾಳೆ ಅವಳ ಕೊನೆಯ ವರ್ಷದ ಪ್ರಾಕ್ಟಿಕಲ್. ವಿದ್ಯಾರ್ಥಿಗಳು ತಮ್ಮ ತಮ್ಮ ಮಣ್ಣನ್ನು ತಾವೇ ತರಬೇಕು. ಫೋನಿನಲ್ಲಿ ಅಕ್ಕ ಒತ್ತಿ ಹೇಳಿದ್ದಳು: "ಮೂರು ಅಡಿ ಕೆಳಗಿನ ಮಣ್ಣು ತಗಿ. ಒಣಗಿಸಿ, ಸಾಣಿಸಿ, ರಾತ್ರಿ ನೆನಿ ಹಾಕು. ನೀರು ಬಿಟ್ಟು ಮತ್ತೇನೂ ಕೂಡಿಸಬ್ಯಾಡ."

ಎದುರು ಮನೆಯ ಚಂದ್ರವ್ವ ಬಾಗಿಲಿಗೆ ಬಂದು ನಿಂತಳು. "ಹಣಮಣ್ಣಾ, ದೊಡ್ಡಾಕಿನ್ನ ಇಷ್ಟು ವರ್ಸ ಓದಿಸಿ ಮತ್ತ ಮಣ್ಣಾಗ ಕೈ ಹಾಕಿಸಿದೆಲ್ಲೋ! ಇಲ್ಲೇ ಕೊಡಾ ಮಾಡೂ ತಿಗರಿ ಮುಂದ ಕುಂಡ್ರಿಸಿದ್ರ ಹಾಸ್ಟೆಲ್ಲಿನ ರೊಕ್ಕರೆ ಉಳೀತಿತ್ತು."

"ನನ್ನ ಮಣ್ಣಿಂದ ಬಿಂದಗಿ ಆಗತೈತಿ ಚಂದ್ರವ್ವಾ, ಆಕಿ ಮಣ್ಣಿಂದ ಹೊಟ್ಟಿನೋವು ಹೋಗತೈತಿ," ಎಂದ ಹಣಮಪ್ಪ. "ಬಾಗಿಲಿಗೆ ಡಾಕ್ಟರ್ ಸಮೃದ್ಧಿ ಅಂತ ಬೋರ್ಡ್ ಹಾಕ್ತೀನಿ. ನೀನ ಮೊದಲು ಬಂದು ಓದೀಯಂತ."

"ನನಗ ಓದಾಕ ಬಂದಿದ್ರ ನಿನ್ನ ಎದುರು ಮನಿಯಾಗ ಯಾಕ ಇರ್ತಿದ್ನೋ!"

ನಿಂಗವ್ವನಿಗೆ ನಗು ಬಂತು. ತಲೆ ತಗ್ಗಿಸಿ ನಕ್ಕಳು. ಏಳನೇ ಇಯತ್ತೆಗೆ ಸಾಲಿ ಬಿಟ್ಟವಳು ಅವಳು. ಯಾರೂ ಬಿಡಿಸಲಿಲ್ಲ. ಮಾಸ್ತರರು ಎದ್ದು ನಿಲ್ಲಿಸಿ ಕೇಳಿದರೆ, ಉತ್ತರ ಗೊತ್ತಿದ್ದರೂ ಅದು ಗಂಟಲು ದಾಟುತ್ತಿರಲಿಲ್ಲ. ಇಡೀ ವರ್ಗ ತನ್ನ ಬಾಯನ್ನೇ ನೋಡುವುದನ್ನು ತಾಳಲಾರದೆ ಒಂದು ದಿನ ಚೀಲ ಗೂಟಕ್ಕೆ ಹಾಕಿದವಳು ಮತ್ತೆ ತೆಗೆಯಲಿಲ್ಲ. ಅಕ್ಕ ಮಾತ್ರ ರಜೆಗೆ ಬಂದಾಗಲೆಲ್ಲ ತಾನು ಕಲಿತದ್ದನ್ನು ಒಲೆಯ ಮುಂದೆ ಕೂತು ಇವಳಿಗೆ ಹೇಳುತ್ತಿದ್ದಳು. ನಿಂಗವ್ವ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಮರುದಿನ ಮುಂಜಾನೆ ಎದ್ದು ನೋಡಿದರೆ ಅಪ್ಪ ಆಗಲೇ ಮಣ್ಣಿನ ಡಬ್ಬಿಗೆ ಹಸಿ ಬಟ್ಟೆ ಮುಚ್ಚಿ ದಾರ ಬಿಗಿದು ಇಟ್ಟಿದ್ದ. "ಹುಷಾರಾಗಿ ಒಯ್ಯಿ," ಎಂದ. ನಿಂಗವ್ವ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಪೀರನವಾಡಿ ಹೋಯಿತು, ಗೋವಾವೇಸ್ ಬಂತು. ಇಳಿದು ಹಿಂದವಾಡಿಯ ಆಸ್ಪತ್ರೆಗೆ ನಡೆದಳು.

ಅಕ್ಕ ಬಿಳಿ ಕೋಟು ಹಾಕಿಕೊಂಡು ವರಾಂಡದಲ್ಲೇ ಕಾಯುತ್ತಿದ್ದಳು. ಜೇಬಿನ ಮೇಲೆ ನೀಲಿ ದಾರದಲ್ಲಿ ಅವಳ ಹೆಸರು. ನಿಂಗವ್ವ ಅದನ್ನು ಅಕ್ಷರ ಅಕ್ಷರವಾಗಿ ಎರಡು ಸಲ ಓದಿಕೊಂಡಳು. ಅಕ್ಕ ದಾರ ಬಿಚ್ಚಿ, ಬಗ್ಗಿ ನೋಡಿ, "ಬೆಣ್ಣಿ ಹಂಗ ಐತಲ್ಲ!" ಎಂದು ಡಬ್ಬಿ ಎತ್ತಿಕೊಂಡು ಒಳಗೆ ಓಡಿದಳು. ಬಿಚ್ಚಿದ ಹಸಿ ಬಟ್ಟೆ ನಿಂಗವ್ವನ ಕೈಯಲ್ಲೇ ಉಳಿಯಿತು.

ಅದನ್ನು ನಳದ ಕೆಳಗೆ ಹಿಂಡುವಾಗ ಬಟ್ಟೆಗೆ ಹತ್ತಿದ್ದ ಮಣ್ಣು ಬೆರಳಿಗೆ ಬಂತು. ತಿಕ್ಕಿ ನೋಡಿದಳು. ಮತ್ತೆ ತಿಕ್ಕಿದಳು. ಸಣ್ಣ ಉಸುಕು. ಅದರ ಜೊತೆ ಬೂದಿಯ ಆ ನುಣುಪು. ಹುಟ್ಟಿದಾಗಿನಿಂದ ತುಳಿದ ಮಣ್ಣು ಅದು, ಕಣ್ಣು ಮುಚ್ಚಿಯೂ ಗುರುತಿಸಬಲ್ಲಳು. ನೀರಿನ ಕೊಡಕ್ಕೆ ಕೂಡಿಸುವ ಹದ!

ಅಪ್ಪನ ರೂಢಿ ಅವಳಿಗೆ ಗೊತ್ತು. ಹದ ಮಾಡದ ಮಣ್ಣು ಅವನ ಹೊಸ್ತಿಲು ದಾಟಿದ್ದೇ ಇಲ್ಲ. ಮಗಳ ಪರೀಕ್ಷೆಗೆ ಹೋಗುವ ಮಣ್ಣನ್ನು ಹಾಗೇ ಬಿಟ್ಟಾನೆಯೇ?

ಪರೀಕ್ಷೆಯ ಕೋಣೆಯ ಬಾಗಿಲಿಗೆ ಓಡಿದಳು. ಒಳಗೆ ಬೆಂಚಿನ ಮೇಲೆ ಕಾಶೀಬಾಯಿ ಎಂಬ ವಯಸ್ಸಾದ ಪೇಶಂಟು ಕಣ್ಣು ಮುಚ್ಚಿ ಮಲಗಿದ್ದರು. ಹೊರಗಿನಿಂದ ಬಂದ ಪರೀಕ್ಷಕರು, ಡಾಕ್ಟರ್ ಬಿಂದುಮಾಧವ, ಕೈ ಕಟ್ಟಿ ನಿಂತಿದ್ದರು. ಅಕ್ಕ ತೆಳು ಬಟ್ಟೆಯ ಮೇಲೆ ಮಣ್ಣು ಹರಡಿ ಪಟ್ಟಿ ಮಡಿಚಿಯಾಗಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಅಜ್ಜಿಯ ಕಣ್ಣಿನತ್ತ ಬಗ್ಗುತ್ತಿದ್ದಳು. ಬೂದಿ ನೀರು ಕಣ್ಣಿಗೆ ಇಳಿದರೆ?

ನಿಂಗವ್ವ ಬಾಗಿಲ ಚೌಕಟ್ಟು ಹಿಡಿದಳು. ಕೂಗಿದರೆ ಸಾಲಿಯ ಹಾಗೆ ಎಲ್ಲರೂ ತನ್ನ ಬಾಯನ್ನೇ ನೋಡುತ್ತಾರೆ. ಕೆಮ್ಮಿದಳು.

"ಅಕ್ಕಾ, ಹಚ್ಚಬ್ಯಾಡ!"

ಕೋಣೆಯಲ್ಲಿದ್ದವರೆಲ್ಲ ತಿರುಗಿದರು. ಪರೀಕ್ಷಕರ ಹುಬ್ಬು ಮೇಲೇರಿತು. "ಯಾರವಾ ನೀನು?"

"ನನ್ನ ತಂಗಿ ಸರ್," ಎಂದಳು ಸಮೃದ್ಧಿ. ತಂಗಿಯ ಮುಖ ನೋಡಿದಳು. ಪಟ್ಟಿ ಕೆಳಗಿಟ್ಟು ಡಬ್ಬಿಯ ಮಣ್ಣು ಚಿಟಿಕೆ ತೆಗೆದು ತಿಕ್ಕಿದಳು. ಅವಳೂ ಕುಂಬಾರರ ಮಗಳೇ. "ಸರ್, ಇದನ್ನ ಹಚ್ಚಾಕ ಬರೂದಿಲ್ಲ. ಉಸುಕು, ಬೂದಿ ಕೂಡ್ಯಾವ. ನಾನು ಮೊದಲ ಮುಟ್ಟಿ ನೋಡಬೇಕಿತ್ತು. ತಪ್ಪು ನಂದ."

"ಮಣ್ಣಿಲ್ಲದ ಪರೀಕ್ಷಾ ಹೆಂಗ ಕೊಡ್ತೀ?"

ಸಮೃದ್ಧಿ ಕೈಯ ಮಣ್ಣು ಒರೆಸಿಕೊಂಡಳು. "ಇವರಿಗೆ ಬೇಕಾಗಿದ್ದು ತಂಪು ಸರ್, ಮಣ್ಣಲ್ಲ. ತಣ್ಣೀರಿನ ಪಟ್ಟಿ ಹಾಕ್ತೀನಿ."

ಅಪ್ಪಣೆಗೂ ಕಾಯದೆ ನೀರು ತಂದಳು. ಬಟ್ಟೆ ಅದ್ದಿ, ಹಿಂಡಿ, ಮಡಿಚಿ ಕಣ್ಣಿನ ಮೇಲಿಟ್ಟಳು. ಹೊಟ್ಟೆಗೆ ಇನ್ನೊಂದು ಸುತ್ತಿ, ಮೇಲೆ ಒಣ ಉಣ್ಣೆಯ ಬಟ್ಟೆ ಬಿಗಿದಳು. ಪರೀಕ್ಷಕರು ಕೇಳಿದ್ದಕ್ಕೆಲ್ಲ ಕೈ ನಿಲ್ಲಿಸದೆ ಉತ್ತರ ಕೊಟ್ಟಳು. ಒಂದೊಂದು ಉತ್ತರವೂ ಒಲೆಯ ಮುಂದೆ ಕೇಳಿದ್ದೇ. ನಿಂಗವ್ವ ಬಾಗಿಲಲ್ಲಿ ನಿಂತು ತುಟಿಯೊಳಗೇ ಅವನ್ನು ಹೇಳಿಕೊಂಡಳು.

"ಅಗಬಾಯಿ, ಎಷ್ಟು ಹಿತ!" ಎಂದರು ಕಾಶೀಬಾಯಿ. "ಪಾಸ್ ಮಾಡ್ರಿ ಸಾಹೇಬ್ರ, ಹುಡುಗಿ ನನ್ನ ಕಣ್ಣು ಉಳಿಸ್ಯಾಳ."

"ಅದನ್ನ ಈಗ ಹೇಳಾಕ ಬರೂದಿಲ್ಲ ಆಯಿ." ಪರೀಕ್ಷಕರು ಕಾಗದದ ಮೇಲೆ ಬರೆದು ಪೆನ್ನು ಮುಚ್ಚಿದರು. "ಹಚ್ಚೂದನ್ನ ಎಲ್ಲಾರೂ ಕಲೀತಾರ. ಹಚ್ಚಬಾರದು ಅಂತ ನಿಲ್ಲಿಸೂದು ಭಾಳ ಮಂದಿಗೆ ಬರೂದಿಲ್ಲ. ಡಾಕ್ಟರ್ರ, ಕೈ ತೊಳಕೊಳ್ರಿ, ಮುಂದಿನವರನ್ನ ಕರೀರಿ."

ಡಾಕ್ಟರ್ರ! ನಿಂಗವ್ವನ ಎದೆ ಉಬ್ಬಿ ಬಂತು. ಕರೆದದ್ದು ಅಕ್ಕನನ್ನು, ಆದರೆ ನೆಟ್ಟಗೆ ನಿಂತದ್ದು ಇವಳು.

ಸಂಜೆ ಇಬ್ಬರೂ ಒಂದೇ ಬಸ್ಸಿಗೆ ಖಾನಾಪುರಕ್ಕೆ ಬಂದರು. ಅಂಗಳದಲ್ಲಿ ಚಂದ್ರವ್ವ, ಓಣಿಯ ಇನ್ನೂ ನಾಲ್ಕು ಮಂದಿ ಕೂತಿದ್ದರು. ಹಣಮಪ್ಪ ಮಡಿ ರುಮಾಲು ಸುತ್ತಿಕೊಂಡಿದ್ದ. ಪರೀಕ್ಷಕರು ಡಾಕ್ಟರ್ರ ಎಂದು ಕರೆದದ್ದನ್ನು ಸಮೃದ್ಧಿ ಹೇಳುತ್ತಲೇ ಅವನ ಕಣ್ಣು ತುಂಬಿದವು.

"ಆಗದ ಏನ ಮಾಡೀತು?" ಎಂದ ಎಲ್ಲರತ್ತ ತಿರುಗಿ. "ನಸುಕಿನ್ಯಾಗ ಎದ್ದು ಕೈಯಾರೆ ಹದಾ ಮಾಡಿ ಕೊಟ್ಟೀನಿ. ಇವು ಹುಡುಗ್ಯಾರು, ಬರೇ ನೀರಾಗ ನೆನಸಿ ಕಳಸಾಕ ಹೊಂಟಿದ್ವು!"

ಸಮೃದ್ಧಿ ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚತೊಡಗಿದಳು. ನಿಂಗವ್ವ ಅಪ್ಪನ ಮುಖ ನೋಡಿದಳು. ಆ ಮುಖ ಇಷ್ಟು ಬೆಳಗಿದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ.

"ಚಂದ್ರವ್ವ ಕೇಳಲಿ," ಎಂದ ಹಣಮಪ್ಪ. "ಮಣ್ಣು ನೋಡಿ ಸಾಹೇಬ್ರು ಏನಂದ್ರು? ಇಬ್ಬರಾಗ ಯಾರರೆ ಒಬ್ಬರು ಹೇಳ್ರೆವ್ವಾ."