ಜೊಂಡಿನ ಮೇಲಿನ ಸಭೆ

ಕೆರೆಯಂಚಿನ ಜೊಂಡುಹುಲ್ಲನ್ನು ಚಾಪೆಯಮ್ಮ ವರ್ಷಕ್ಕೆ ಅರ್ಧ ಮಾತ್ರ ಕೊಯ್ದು ಚಾಪೆ ಹೆಣೆಯುತ್ತಿದ್ದಳು. ಉಳಿದರ್ಧ ಹಕ್ಕಿಗಳ ಪಾಲು. ಅವಳ ಅತ್ತೆ ಹಾಕಿಕೊಟ್ಟ ಪದ್ಧತಿ ಅದು.

ಹೀಗಿರುವಾಗ, ನಿಸರ್ಗಕ್ಕೂ ಸಮಾಜಕ್ಕೂ ಹೊಂದಾಣಿಕೆ ತರುತ್ತೇವೆಂದು ಸಮಿತಿಯೊಂದು ಬಂತು. ಹಕ್ಕಿತಜ್ಞರು, ನೀರಿನ ಇಂಜಿನಿಯರು, ಸಮಾಜಶಾಸ್ತ್ರದ ಮೇಡಂ. ಒಬ್ಬರು ಏರಿಗೆಳೆದರೆ ಇನ್ನೊಬ್ಬರು ನೀರಿಗೆಳೆಯುವವರೇ. ಅಧ್ಯಯನ ಮುಗಿಯುವವರೆಗೆ ಕುಡುಗೋಲು ಮುಟ್ಟಕೂಡದೆಂದು ಅಪ್ಪಣೆಯಾಯಿತು. ಎರಡು ವರ್ಷ ಚಾಪೆಯಮ್ಮ ಪ್ಲಾಸ್ಟಿಕ್ ಚಾಪೆ ಮಾರಿಕೊಂಡು ಹೊಟ್ಟೆ ಹೊರೆದಳು.

ಬೇಸಿಗೆಯ ಒಂದು ದಿನ ಮೂವರೂ ಅವಳ ಮನೆಬಾಗಿಲಿಗೇ ಬಂದರು.

"ಎಲ್ಲರ ಅಭಿಪ್ರಾಯಾನೂ ಜೊಂಡಿರೋ ಜಾಗದಲ್ಲೇ ಸಭೆ ಸೇರಿಸಿ ಕೇಳ್ಬೇಕಮ್ಮ, ಅದೇ ನ್ಯಾಯ," ಎಂದರು ಮೇಡಂ.

"ಮುನ್ನೂರು ಕುರ್ಚಿ ಹಾಕ್ಬೇಕು. ಈಗ ನೀರು ಹಿಂದೆ ಸರಿದಿದೆ, ಅಲ್ಲಿನ ನೆಲ ಗಟ್ಟಿಯಾಗಿದೆ. ನೀವು ಜೊಂಡು ತೆಗೆದುಕೊಟ್ರೆ ಸಾಕು," ಎಂದರು ಇಂಜಿನಿಯರು.

"ಮರಿಗಳೆಲ್ಲ ಹಾರಿಹೋದ್ವು. ಗೂಡು ಖಾಲಿ. ನನ್ನ ಅಭ್ಯಂತರ ಇಲ್ಲ," ಎಂದರು ಹಕ್ಕಿತಜ್ಞರು.

ಆ ಮೂವರ ಮಾತು ಒಂದಾದದ್ದು ಅದೇ ಮೊದಲು.

"ಪೂರ್ತಿ ಕೊಯ್ಬೇಕಾ?" ಚಾಪೆಯಮ್ಮ ಎರಡು ಸಲ ಕೇಳಿದಳು.

"ಬುಡಸಮೇತ ಕಿತ್ತುಬಿಡಿ. ಕುರ್ಚಿ ಅಲ್ಲಾಡಬಾರದು," ಎಂದರು ಇಂಜಿನಿಯರು.

ಸಭೆ ಭರ್ಜರಿಯಾಗಿ ನಡೆಯಿತು. ಕೊನೆಗೆ ಮೇಡಂ ಎದ್ದು, ಸಮಿತಿಯ ಎರಡು ವರ್ಷದ ದುಡಿಮೆಯ ಫಲವನ್ನು ಓದಿದರು: ವರ್ಷಕ್ಕೆ ಅರ್ಧ ಜೊಂಡನ್ನು ಕೊಯ್ಯಬಹುದು, ಉಳಿದರ್ಧವನ್ನು ಹಕ್ಕಿಗಳಿಗೆ ಬಿಡತಕ್ಕದ್ದು. ಮುನ್ನೂರು ಜನ ಚಪ್ಪಾಳೆ ತಟ್ಟಿದರು.

ಹಿಂದಿನ ಸಾಲಿನಲ್ಲಿದ್ದ ಚಾಪೆಯಮ್ಮ ಕುರ್ಚಿಯ ಕೆಳಗಿನ ಬೋಳು ನೆಲವನ್ನು ನೋಡಿ ಎದ್ದು ನಿಂತಳು.

"ನನ್ನ ಅರ್ಧ ಯಾವ್ದು, ಹಕ್ಕಿದು ಯಾವ್ದು, ಒಂದ್ಸಲ ತೋರಿಸಿಬಿಡಿ ಮೇಡಂ."