ದರ್ಜಿ ಮನೆಯ ಅಚ್ಚು

ಬಾಗಿಲು ತೆರೆದೊಡನೆ ದರ್ಜಿ ಮುಖ ಸಿಂಡರಿಸಿದ. ಮೆಟ್ಟಿಲ ಕೆಳಗೆ ಸಾಲಾಗಿ ಅಚ್ಚುಗಳು, ಕಟ್ಟಡದ ಮನೆಗೊಂದರಂತೆ. ಒಳಗೆ ಬೇಯಿಸಿ ತುಂಬಿದ ಆಯಾ ಮನೆಯ ತರಕಾರಿ ಸಿಪ್ಪೆ. ಅದರ ಮೇಲೆಲ್ಲ ಬೇಕೆಂದೇ ಬೆಳೆಸಿದ ಅಣಬೆಯ ಬಿಳಿ ಎಳೆ ಹಬ್ಬಿತ್ತು. ಒಣಗಿ ಗಟ್ಟಿಯಾದ ಮೇಲೆ ಇವನ್ನೆಲ್ಲ ಜೋಡಿಸಿ ಕಟ್ಟಡದ ಗೋಡೆಯ ಮೇಲೆ ದೊಡ್ಡದೊಂದು ಹಕ್ಕಿ ಮಾಡಬೇಕೆಂಬುದು ಅವನ ಮಗಳ ಹಂಬಲ.

"ಬೂಷ್ಟನ್ನ ಗೋಡೆಗೆ ಮೆತ್ತಿ ಕಲೆ ಅಂತೀಯಲ್ಲ, ಥೂ," ಎಂದು ಮೂಗಿಗೆ ಬಟ್ಟೆ ಒತ್ತಿಕೊಂಡ.

"ನಾವು ದಿನಾ ಬಿಸಾಕೋದೇ ಅಪ್ಪ ಇದು."

"ಬಿಸಾಕಿದ್ಮೇಲೆ ಅದು ನಂದಲ್ಲ."

"ಹಕ್ಕಿ ಕಣ್ಣಿನ ಅಚ್ಚು ನಮ್ಮನೇದೇ. ಅದೊಂದೇ ತುಂಬೋಕೆ ಬಾಕಿ," ಎನ್ನುತ್ತ ಮಗಳು ಬಾಗಿಲ ಬಳಿಯಿದ್ದ ಕಸದ ಕವರು ಎತ್ತಿಕೊಂಡಳು.

ಹಳಸಿದ ಅನ್ನ, ಸಿಪ್ಪೆ, ನೂಲಿನ ತುಂಡು, ಮುರಿದ ಸೂಜಿ, ಎಲ್ಲವನ್ನೂ ಒಂದೇ ಕವರಿಗೆ ತುರುಕಿ ಗಂಟು ಬಿಗಿದರೆ ಮನೆ ಚೊಕ್ಕಟವಾಯಿತೆಂದು ದರ್ಜಿಯ ಲೆಕ್ಕ. ಮಗಳು ಗಂಟು ಬಿಚ್ಚಿ ಕೈಯಿಟ್ಟಳು. ಮಣಿಕಟ್ಟಿನವರೆಗೂ ಲೋಳೆ. ಮರುಕ್ಷಣವೇ ಉಸಿರೆಳೆದುಕೊಂಡು ಕೈ ಹೊರತೆಗೆದಳು. ಬೆರಳ ತುದಿಯಲ್ಲಿ ಸೂಜಿ ನೆಟ್ಟಿತ್ತು.

ಕಸದ ಗಾಡಿಯವಳು ಆಗತಾನೇ ಬಂದಿದ್ದಳು. ಸೂಜಿ ಕಿತ್ತು, ನೀರು ಸುರಿದು, ಬೆರಳಿಗೆ ಬಟ್ಟೆ ಸುತ್ತಿದಳು.

"ಈ ಗಂಟು ಕಂಡ್ರೆ ನಾನು ಕೈ ಹಾಕಲ್ಲ ಅಣ್ಣ, ಕೋಲು ಹಾಕ್ತೀನಿ," ಎಂದಳು, ಮಾತಿನಲ್ಲಿ ಸಿಟ್ಟಿರಲಿಲ್ಲ. "ಮೊದಮೊದಲು ನಂಗೂ ಗೊತ್ತಿರಲಿಲ್ಲ." ಅಂಗೈ ತೋರಿಸಿದಳು. ಬಿಳಿಚಿದ ಹಳೆಯ ಗಾಯದ ಗುರುತುಗಳು. ಆಮೇಲೆ ಕವರನ್ನು ಕೋಲಿನಿಂದೆತ್ತಿ ಗಾಡಿಗೆ ಹಾಕಿದಳು.

ಮಗಳು ಖಾಲಿ ಅಚ್ಚನ್ನು ಮಗುಚಿಟ್ಟಳು. "ಬಿಡು ಅಪ್ಪ. ಹಕ್ಕಿ ಕುರುಡಾದ್ರೂ ಪರವಾಗಿಲ್ಲ."

ದರ್ಜಿ ಗಾಡಿಯ ಬಳಿ ಹೋಗಿ ತನ್ನ ಕವರನ್ನು ಹೊರಗೆಳೆದ. ಮೆಟ್ಟಿಲ ಮೇಲೆ ಕಾಗದ ಹಾಸಿ ಸುರಿದ. ಕೊಳೆತ ಅನ್ನದ ಮುದ್ದೆ, ಕೂದಲು, ಅದರೊಳಗೆ ಹೊರಳುವ ಬಿಳಿ ಹುಳು. ಮೂಗಿಗೆ ಬಟ್ಟೆ ಒತ್ತಿ ಒಂದು ಕೈಯಿಂದ ಕೆದಕಿದ. ಅಣಬೆಯ ಅಚ್ಚುಗಳಿಂದ ಬರುತ್ತಿದ್ದುದು ಬರೀ ಹಸಿ ಮಣ್ಣಿನ ವಾಸನೆ. ಈ ನಾತ ಅವನ ಮನೆಯದೇ. ಹುಡುಕಲು ಎರಡೂ ಕೈ ಬೇಕಾದಾಗ ಮೂಗಿನ ಬಟ್ಟೆ ಬಿಟ್ಟುಬಿಟ್ಟ. ಸೂಜಿಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕಿದ.

"ಹಕ್ಕಿ ಕಣ್ಣಿನ ಜಾಗ ಮುಚ್ಚಬೇಡ ಕಣೇ," ಎಂದ ತಲೆಯೆತ್ತದೆ. "ಸಿಪ್ಪೆ ಬೇರೆ ಮಾಡಿ ನಾನೇ ಬೇಯಿಸಿ ಕೊಡ್ತೀನಿ."

ಗಾಡಿ ಹೊರಟಿತು.

"ಸ್ವಲ್ಪ ನಿಲ್ಲಕ್ಕ. ನಿನ್ನೆ ಹಾಕಿದ ನಮ್ಮನೆ ಗಂಟೂ ಇದರಲ್ಲೇ ಇದೆಯಾ? ಅದರಲ್ಲೂ ಸೂಜಿ ಇದೆ," ಎಂದು ದರ್ಜಿ ಕೂಗಿದ.

ಅವಳು ಕೋಲಿನಿಂದ ಗಾಡಿಯ ತಳ ತೋರಿಸಿದಳು. ದರ್ಜಿ ಅಂಗಿಯ ತೋಳು ಮಡಚಿಕೊಂಡು ಬಗ್ಗಿದ.